ಎರಡು ಸಾವಿರದೊಳಗೆ ಆಗಬೇಕು

ನನ್ನ ಫೋನು ಬೆಳಿಗ್ಗೆ ಎಂಟಕ್ಕೇ ಶುರು ಹಚ್ಚಿಕೊಳ್ಳುತ್ತದೆ.

"ಸಿಸಿಟಿವಿಯವ್ರಾ? ಒಂದು ಕ್ಯಾಮೆರಾಗೆ ಎಷ್ಟು?"

ಇದು ಹೇಗಿದೆ ಅಂದರೆ, ಮದುವೆ ಅಡುಗೆಯವರಿಗೆ ಫೋನ್ ಮಾಡಿ "ಒಂದು ಹಪ್ಪಳಕ್ಕೆ ಎಷ್ಟು?" ಅಂತ ಕೇಳಿದ ಹಾಗೆ. ಹಪ್ಪಳದ ರೇಟು ಹೇಳಬಹುದು. ಎಲೆ, ಅನ್ನ, ಸಾರು, ಬಡಿಸುವವರು ಎಲ್ಲಿಂದ ಬರಬೇಕು? ನಾಲ್ಕು ಕ್ಯಾಮೆರಾ ಹಾಕಬೇಕು ಅಂದರೆ ಡಿವಿಆರ್, ಅಂದರೆ ರೆಕಾರ್ಡ್ ಮಾಡುವ ಪೆಟ್ಟಿಗೆ, ಬೇಕು. ಅದರೊಳಗೆ ಹಾರ್ಡ್ ಡಿಸ್ಕ್ ಬೇಕು. 90 ಮೀಟರಿನ ಒಂದು ಬಂಡಲ್ ತ್ರೀ ಪ್ಲಸ್ ಒನ್ ಕೇಬಲ್, 12 ವೋಲ್ಟಿನ ಪವರ್ ಸಪ್ಲೈ, ವೈರಿನ ತುದಿಗೆ ಸಿಕ್ಕಿಸಲು ಬಿಎನ್‌ಸಿ, ಡಿಸಿ ಪಿನ್, ಗೋಡೆಗೆ ಪಿವಿಸಿ ಬಾಕ್ಸು, ಏಣಿ, ಏಣಿ ಹತ್ತುವ ಹುಡುಗ, ಆ ಹುಡುಗನಿಗೆ ಹನ್ನೊಂದು ಗಂಟೆಗೆ ಟೀ. ಎಲ್ಲಾ ಸೇರಿ ಹದಿನೇಳು, ಹದಿನೆಂಟು ಸಾವಿರ. ಮೇಲೆ ಶೇಕಡಾ 18 ಜಿಎಸ್‌ಟಿ.

ಇಷ್ಟು ಹೇಳಿದ ಮೇಲೆ ಆ ಕಡೆ ಒಂದು ಮೌನ ಇರುತ್ತದೆ. ಯಾರೋ ತೀರಿಕೊಂಡ ಸುದ್ದಿ ಕೇಳಿದಾಗ ಇರುವಂಥದ್ದು. ಆಮೇಲೆ ಮೆಲ್ಲಗೆ ಬರುತ್ತದೆ: "ಆನ್‌ಲೈನಲ್ಲಿ 999ಕ್ಕೆ ಬಲ್ಬ್ ಥರದ್ದು ಇದೆಯಲ್ಲಾ?"

ಇದೆ ಸ್ವಾಮಿ. ಅದನ್ನೇ ಹಾಕಿಸಿಕೊಳ್ಳಿ, ಹೋಲ್ಡರ್ ಇದ್ದ ಕಡೆ ಕಳ್ಳನನ್ನು ಕರೆಸಿ, ಅಂತ ಬಾಯಿ ತುದಿವರೆಗೂ ಬರುತ್ತದೆ. ಇಎಂಐ ನೆನಪಾಗಿ ನುಂಗಿಕೊಳ್ಳುತ್ತೇನೆ.

ಹೀಗೆ ನುಂಗಿಕೊಂಡು ಹೋದ ಮನೆಗಳಲ್ಲಿ ಮೇಷ್ಟ್ರ ಮನೆ ಒಂದು. ಮೈಸೂರಿನ ಕುವೆಂಪುನಗರದ ಕಡೆ, ಹಳೇ ಕಾಲದ ಒಂಟಿ ಮನೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಕಾಂಪೌಂಡಿನೊಳಗೆ ಕೆಂಪು ದಾಸವಾಳ, ಪಾರಿಜಾತ, ತುಳಸಿ, ಕುಂಡದಲ್ಲೊಂದು ನಿಂಬೆ ಗಿಡ. ಸಮಸ್ಯೆ ಇದ್ದದ್ದು ದಾಸವಾಳದ್ದು.

"ದಿನಾ ಹದಿನಾರು ಹೂ ಬಿಡತ್ತೆ ಕಣಪ್ಪ. ನಾನು ಎದ್ದು ಬರೋ ಹೊತ್ತಿಗೆ ಮೂರು. ಹದಿಮೂರು ಎಲ್ಲಿಗೆ ಹೋಯ್ತು?"

ಲೆಕ್ಕದ ಮೇಷ್ಟ್ರು. ಮೊಗ್ಗನ್ನು ಹಿಂದಿನ ರಾತ್ರಿಯೇ ಎಣಿಸಿ ಮಲಗುತ್ತಾರೆ. ಅವರ ಬಜೆಟ್ ಎರಡು ಸಾವಿರ. ಅದರಲ್ಲಿ ಕಳ್ಳನ ಮುಖ ಕಾಣಬೇಕು, ಸೈರನ್ ಹೊಡೀಬೇಕು, ರಸ್ತೆ ಕೊನೆವರೆಗೂ ತೋರಿಸಬೇಕು, ಅಮೆರಿಕದಲ್ಲಿರೋ ಮಗಳಿಗೂ ಕಾಣಬೇಕು. ಕೊನೆಗೆ ಒಂದೇ ಒಂದು ವೈಫೈ ಕ್ಯಾಮೆರಾ, 64 ಜಿಬಿ ಮೆಮೊರಿ ಕಾರ್ಡು, ಕೂಲಿ ಸೇರಿ 3,200ಕ್ಕೆ ಮಾತಾಯಿತು. ಹುಡುಗ ಡ್ರಿಲ್ ತೆಗೆದು ಪ್ಲಗ್ ಪಾಯಿಂಟ್ ಹುಡುಕಲು ಶುರು ಮಾಡಿದ ತಕ್ಷಣ ಮೇಷ್ಟ್ರು ತಡೆದರು.

"ವೈರ್‌ಲೆಸ್ ಅಂದ್ಯಲ್ಲಯ್ಯ. ಮತ್ಯಾಕೆ ವೈರು?"

"ಸಾರ್, ಅದು ಚಿತ್ರ ಕಳಿಸೋಕೆ ವೈರ್‌ಲೆಸ್ಸು. ಕರೆಂಟು ಬೇಕಲ್ಲ?"

"ಹಂಗಾದ್ರೆ ಅರ್ಧ ವೈರ್‌ಲೆಸ್ ಅನ್ನು. ಪೂರ್ತಿ ದುಡ್ಡು ಯಾಕೆ ಕೇಳ್ತೀಯ?"

ನನ್ನ ಹನ್ನೆರಡು ವರ್ಷದ ಅನುಭವದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇನ್ನೂರು ಬಿಟ್ಟೆ. ಅಷ್ಟರಲ್ಲಿ ಅಮ್ಮನವರು ಉಪ್ಪಿಟ್ಟು ತಂದರು. ಕರಿಬೇವು ಎಷ್ಟಿತ್ತೆಂದರೆ ರವೆಯನ್ನು ಹುಡುಕಿ ತಿನ್ನಬೇಕು. "ಈಗ ತಾನೇ ಕಿತ್ತಿದ್ದು, ಘಮಘಮ ಅನ್ನತ್ತೆ ನೋಡಿ" ಅಂದರು. ನಿಜಕ್ಕೂ ಘಮಘಮ ಅನ್ನುತ್ತಿತ್ತು. ಬಿಟ್ಟ ಇನ್ನೂರನ್ನು ಮರೆತೆ.

ಎಲ್ಲರ ಮನೆಯಲ್ಲೂ ಉಪ್ಪಿಟ್ಟು ಸಿಗುವುದಿಲ್ಲ. ನಮ್ಮ ಏರಿಯಾದ ಒಂದು ದಿನಸಿ ಅಂಗಡಿಗೆ ನಾಲ್ಕು ಕ್ಯಾಮೆರಾ ಹಾಕಿದ್ದೆ. ದೀಪಾವಳಿ ಹಿಂದಿನ ದಿನ ಸಾಹುಕಾರರು ಕರೆಸಿದರು. ಯುಗಾದಿ ಹೊತ್ತಿಗೆ ಕಳೆದುಹೋದ ಒಂದು ಎಣ್ಣೆ ಟಿನ್ ಅವರಿಗೆ ಈಗ ನೆನಪಾಗಿತ್ತು. "ಆವತ್ತಿನದು ಹಾಕಿ, ನೋಡೋಣ."

ಕೂತು ಬಿಡಿಸಿ ಹೇಳಿದೆ. 2 ಮೆಗಾಪಿಕ್ಸೆಲ್ಲಿನ ಒಂದು ಕ್ಯಾಮೆರಾ ಹಗಲೂ ರಾತ್ರಿ ರೆಕಾರ್ಡ್ ಮಾಡಿದರೆ, ಸಾಧಾರಣ ಸೆಟ್ಟಿಂಗಿನಲ್ಲಿ ದಿನಕ್ಕೆ ಸುಮಾರು 21 ಜಿಬಿ ನುಂಗುತ್ತದೆ. ನಾಲ್ಕಕ್ಕೆ 85ರ ಹತ್ತಿರ. 1 ಟಿಬಿ ಡಿಸ್ಕು ಹನ್ನೊಂದು ದಿನಕ್ಕೆ ತುಂಬುತ್ತದೆ. ಹೊಸ ರೀತಿ ಕುಗ್ಗಿಸಿ ಇಟ್ಟರೂ ಇಪ್ಪತ್ತು ಚಿಲ್ಲರೆ ದಿನ. ಆಮೇಲೆ ಹಳೆಯದರ ಮೇಲೆಯೇ ಹೊಸದು ಬರೆದುಕೊಂಡು ಹೋಗುತ್ತದೆ. ಸಾಹುಕಾರರು ಗಲ್ಲಾ ಮುಚ್ಚಿ ನನ್ನನ್ನೇ ನೋಡಿದರು.

"ನಮ್ಮನ್ನ ಒಂದು ಮಾತು ಕೇಳ್ದೆ ಅಳಿಸೋಕೆ ಅದಕ್ಕೆ ಯಾರು ಹೇಳಿದ್ದು?"

ಆ ಟಿನ್ ಎಣ್ಣೆಯ ಲೆಕ್ಕ ಇವತ್ತಿಗೂ ನನ್ನ ಖಾತೆಯಲ್ಲೇ ಇದೆ ಅಂತ ನನಗೆ ಅನುಮಾನ. ಅಲ್ಲಿ ಅಕ್ಕಿ ತಗೊಂಡಾಗಲೆಲ್ಲ ಚಿಲ್ಲರೆ ಸ್ವಲ್ಪ ಕಮ್ಮಿ ಬರುತ್ತದೆ.

ಇನ್ನು ಕಲ್ಯಾಣ ಮಂಟಪದ ಯಜಮಾನರದು. ಅವರಿಗೆ ಕಳ್ಳರ ಭಯ ಇರಲಿಲ್ಲ, ಕಾನೂನಿನ ಭಯ ಇತ್ತು. ನಮ್ಮ ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ಒಂದಿದೆ. ಒಂದು ಸಲಕ್ಕೆ 100 ಜನ, ಇಲ್ಲವೇ ದಿನಕ್ಕೆ 500 ಜನ ಸೇರುವ ಜಾಗದಲ್ಲಿ ಕ್ಯಾಮೆರಾ ಇರಬೇಕು, 30 ದಿನದ ರೆಕಾರ್ಡಿಂಗ್ ಇರಬೇಕು ಅನ್ನುತ್ತದೆ. ಅದನ್ನು ಹೇಳಿ ಹದಿನಾರು ಕ್ಯಾಮೆರಾದ ಕೊಟೇಶನ್ ಕೊಟ್ಟೆ. ಅವರು ಕೊಟೇಶನ್ ಹಾಳೆಯನ್ನೇ ಮಡಚಿ ಗಾಳಿ ಬೀಸಿಕೊಳ್ಳುತ್ತಾ, "ಒಳಗೆ ಏನೂ ಇರೋದು ಬೇಡ. ಹೊರಗಿನ ಡಬ್ಬ ಇದ್ದು, ಕೆಂಪು ಲೈಟ್ ಮಿಣುಕ್ ಅಂದ್ರೆ ಸಾಕು" ಅಂದರು. ನನ್ನ ಕೈಲಾಗಲ್ಲ ಅಂತ ಬಂದೆ. ಅವರು ಬೆಂಗಳೂರಿನ ಎಸ್‌ಪಿ ರೋಡಿನಿಂದ ತಾವೇ ಡಬ್ಬ ತರಿಸಿ, ಶೆಲ್ ಹಾಕಿ, ಸಾಲಾಗಿ ಹೊಡೆಸಿದರು. ನೋಡಲು ಲಕ್ಷಣವಾಗೇ ಇತ್ತು, ಸುಳ್ಳು ಹೇಳಬಾರದು.

ಎರಡು ತಿಂಗಳಿಗೆ ಒಂದು ಮದುವೆಯಲ್ಲಿ ಗಂಡಿನ ಸೋದರಮಾವನ ಹೊಸ ಚಪ್ಪಲಿ ಹೋಯಿತು. ಸೋದರಮಾವ ಸುಮ್ಮನಿರುವ ಪೈಕಿ ಅಲ್ಲ. ತಲೆ ಎತ್ತಿ ಡಬ್ಬ ತೋರಿಸಿದರು. ಆಗ ನನಗೆ ಫೋನ್ ಬಂತು.

"ಏನಾದ್ರೂ ಮಾಡಿ ಅದರಿಂದ ಸ್ವಲ್ಪ ವಿಡಿಯೊ ತೆಗೆಯೋಕಾಗತ್ತಾ?"

"ಯಜಮಾನ್ರೇ, ಅದರೊಳಗೆ ಎರಡು ಪೆನ್ಸಿಲ್ ಶೆಲ್ ಬಿಟ್ರೆ ಏನೂ ಇಲ್ಲ."

"ಗೊತ್ತು. ಅದಕ್ಕೇ ಸ್ವಲ್ಪ ಅಂದಿದ್ದು."

ಕೊನೆಗೆ ಚಪ್ಪಲಿಗೆ ಅವರೇ ದುಡ್ಡು ಕೊಟ್ಟರಂತೆ. ಕ್ಯಾಮೆರಾ ಇನ್ನೂ ಮಿಣುಕುತ್ತಿದೆ.

ಮೇಷ್ಟ್ರ ಮನೆಗೆ ವಾಪಸ್ ಬರೋಣ. ಕ್ಯಾಮೆರಾ ಹಾಕಿದ ನಾಲ್ಕನೇ ದಿನಕ್ಕೇ ಕರೆ ಬಂತು. ದಾಸವಾಳದ್ದಲ್ಲ. ಯಾರೋ ಬೈಕಿನಲ್ಲಿ ಬಂದು ರಸ್ತೆ ಕೊನೆಯಲ್ಲಿ ಕಸದ ಚೀಲ ಎಸೆದು ಹೋಗಿದ್ದಾನೆ, ನಂಬರ್ ಕಾಣುತ್ತಿಲ್ಲ. "ಜೂಮ್ ಮಾಡಪ್ಪ. ಟೀವಿಯಲ್ಲಿ ಪೊಲೀಸ್ರು ಮಾಡಲ್ವಾ?"

ಲೆಕ್ಕದ ಮೇಷ್ಟ್ರಿಗೆ ಲೆಕ್ಕದಲ್ಲೇ ಹೇಳೋಣ ಅಂತ ಕಾಗದ ತಗೊಂಡೆ. ಚಿತ್ರದ ಅಗಲ 1920 ಚುಕ್ಕೆ. ರಸ್ತೆ ಕೊನೆಯಲ್ಲಿ ಆ ಚಿತ್ರದೊಳಗೆ ಸುಮಾರು 20 ಮೀಟರ್ ಜಾಗ ಹಿಡಿಸಿದೆ. ಮೀಟರಿಗೆ 96 ಚುಕ್ಕೆ. ಬೈಕಿನ ಹಿಂದಿನ ಪ್ಲೇಟು 20 ಸೆಂಟಿಮೀಟರ್. ಅಂದರೆ ಇಡೀ ಪ್ಲೇಟಿನ ಅಗಲಕ್ಕೆ ಸಿಗುವುದು 19 ಚುಕ್ಕೆ. ಒಂದು ಸಾಲಿನಲ್ಲಿ ಐದು ಅಕ್ಷರ ಅಂದುಕೊಂಡರೂ, ಒಂದಕ್ಕೆ ನಾಲ್ಕೂ ಬರುವುದಿಲ್ಲ. ಅಷ್ಟರಲ್ಲಿ 8 ಯಾವುದು, 3 ಯಾವುದು, ಕ್ಯಾಮೆರಾಗೆ ಏನು ಗೊತ್ತು? ಎಳೆದು ದೊಡ್ಡದು ಮಾಡಿದರೆ ಚುಕ್ಕೆ ದಪ್ಪ ಆಗುತ್ತದೆ ಅಷ್ಟೇ.

ಮೇಷ್ಟ್ರು ಕನ್ನಡಕ ಏರಿಸಿ ಕಾಗದ ನೋಡಿದರು. ಪೆನ್ನು ತಗೊಂಡು 19ಕ್ಕೆ ಕೆಂಪು ಟಿಕ್ ಹಾಕಿದರು.

"ಭಾಗಾಕಾರ ಸರಿಯಾಗಿದೆ. ಈಗ ಜೂಮ್ ಮಾಡು."

ಮಾಡಿದೆ. ಬೈಕಿನ ಹಿಂದೆ ಒಂದು ಸಕ್ಕರೆ ಅಚ್ಚಿನಂಥದ್ದು ಕಾಣಿಸಿತು. "ಕೆಎ 09 ಇರಬೇಕು" ಅಂದರು ಮೇಷ್ಟ್ರು. ಮೈಸೂರಿನಲ್ಲಿ ಅದು ದೊಡ್ಡ ಸುಳಿವೇನಲ್ಲ.

ಹೂವಿನ ಕಳ್ಳ ಸಿಕ್ಕಿದ್ದು ಮುಂದಿನ ವಾರ. ಸಿಕ್ಕಿದ್ದು ಅನ್ನುವುದು ಜಾಸ್ತಿಯಾಯಿತು. ಬೆಳಗಿನ ಜಾವ 4.52ರ ವಿಡಿಯೊ. ಮೇಷ್ಟ್ರು, ಅಮ್ಮನವರು, ನಾನು ಮೂವರೂ ಒಂದೇ ಫೋನಿನ ಮೇಲೆ ಬಗ್ಗಿದ್ದೆವು. ಕಾಂಪೌಂಡಿನ ಆಚೆ ಬೆಳ್ಳನೆ ಸೀರೆಯ ಒಂದು ಆಕೃತಿ. ಕೈಯಲ್ಲಿ ಉದ್ದನೆಯ ಕೋಲು. ಕೋಲಿನ ತುದಿ ಗಿಡದ ಮೇಲೆ ಆಡುತ್ತದೆ, ಹೂವು ಒಂದೊಂದೇ ಆಚೆ ಬೀಳುತ್ತದೆ. ಮುಖ ಇರಬೇಕಾದ ಜಾಗದಲ್ಲಿ ಫಳಫಳ ಹೊಳೆಯುವ ಮಂಜು.

"ಮೋಹಿನಿ!" ಅಂದರು ಅಮ್ಮನವರು, ಸೆರಗು ಬಾಯಿಗೆ ಒತ್ತಿಕೊಂಡು.

"ಮೋಹಿನಿ ದೋಟಿ ಹಿಡ್ಕೊಂಡು ಬರ್ತಾಳೇನೆ?" ಅಂದರು ಮೇಷ್ಟ್ರು. ಆಮೇಲೆ ನನ್ನ ಕಡೆ ತಿರುಗಿದರು. "ಇದು ನಮ್ಮನೆ ವಿಡಿಯೊನೇ ಅಲ್ಲ. ನಮ್ಮದು ಕೆಂಪು ದಾಸವಾಳ. ಇಲ್ಲಿ ಬಿಳಿ ಇದೆ."

ಮತ್ತೆ ಪಾಠ. ಕತ್ತಲಾದ ಮೇಲೆ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟುಕೊಂಡು ನೋಡುತ್ತದೆ. ಆ ಬೆಳಕಿಗೆ ಬಣ್ಣದ ಗೊಡವೆ ಇಲ್ಲ. ಎಲೆ ಬೆಳ್ಳಗೆ, ಕೆಂಪು ಹೂವೂ ಬೆಳ್ಳಗೆ. ಎಷ್ಟೋ ಸಲ ಕಡು ಬಣ್ಣದ ಬಟ್ಟೆ ಕೂಡ ಬೆಳ್ಳಗೆ. ಆಕೆ ಉಟ್ಟ ಸೀರೆ ಹಸಿರೇ ಇರಬಹುದು, ನೇರಳೆಯೂ ಇರಬಹುದು. ಆ ಮಂಜು ಅನ್ನುವುದು ಜೇಡರ ಬಲೆ. ರಾತ್ರಿ ಕ್ಯಾಮೆರಾ ಹತ್ತಿರ ಹುಳ ಸುತ್ತುತ್ತವೆ, ಹುಳ ಹಿಡಿಯಲು ಜೇಡ ಬರುತ್ತದೆ, ಲೆನ್ಸಿನ ಮುಂದೆಯೇ ಮನೆ ಕಟ್ಟುತ್ತದೆ. ವಾರಕ್ಕೊಮ್ಮೆ ಪೊರಕೆ ಆಡಿಸಿದರೆ ಸಾಕು.

"ಅಂದ್ರೆ 3,000 ಕೊಟ್ಟು ತಂದಿದ್ದನ್ನ ನಾನು ಗುಡಿಸಬೇಕು," ಅಂದರು ಮೇಷ್ಟ್ರು. ಹೇಳಿದ ಧಾಟಿ ನೋಡಿದರೆ, ಪರೀಕ್ಷೆಯಲ್ಲಿ ನನಗೆ ಮೂವತ್ತೈದು ಕೂಡ ಬರುವ ಹಾಗಿರಲಿಲ್ಲ.

ನಾನೇ ಏಣಿ ಹತ್ತಿ ಗುಡಿಸಿ ಬಂದೆ. ಫ್ರೀ ಸರ್ವಿಸ್. ಆವತ್ತಿನ ಮಜ್ಜಿಗೆಯಲ್ಲೂ ಕರಿಬೇವು ತೇಲುತ್ತಿತ್ತು.

ಹತ್ತು ದಿನ ಬಿಟ್ಟು ಅದೇ ರಸ್ತೆಯಿಂದ ಇನ್ನೊಂದು ಫೋನು. ಹೆಂಗಸಿನ ದನಿ.

"ಮೇಷ್ಟ್ರ ಮನೆಗೆ ಹಾಕಿದ್ದು ನೀವೇ ಅಲ್ವಾ? ಅದು ರಾತ್ರಿ ಎಷ್ಟು ದೂರ ಕಾಣುತ್ತೆ? ಬೆಳಿಗ್ಗೆ ಐದಕ್ಕೆ ಆಫ್ ಆಗತ್ತಾ?"

"ಆಗಲ್ಲ ಅಮ್ಮ, ಇಪ್ಪತ್ನಾಲ್ಕು ಗಂಟೆ ಓಡತ್ತೆ."

"ಹೌದಾ." ಒಂದಿಷ್ಟು ಹೊತ್ತು ಮಾತಿಲ್ಲ. "ನಮಗೂ ಒಂದು ಬೇಕಿತ್ತು. ಎರಡು ಸಾವಿರದೊಳಗೆ ಆಗಬೇಕು."

ಹೋದೆ. ಮೇಷ್ಟ್ರ ಮನೆಯಿಂದ ಮೂರನೇ ಗೇಟು. ಅರವತ್ತು ದಾಟಿದ ಅಮ್ಮ, ಹಣೆ ತುಂಬ ಕುಂಕುಮ. ಜಗಲಿ ಮೂಲೆಯಲ್ಲಿ ಒಂದು ದೋಟಿ ಒರಗಿಸಿತ್ತು. ತಂತಿಯ ಮೇಲೆ ಕಡು ಹಸಿರು ಸೀರೆ ಒಣಗುತ್ತಿತ್ತು. ದೇವರ ಮನೆ ಬಾಗಿಲು ತೆರೆದಿತ್ತು, ಗಣಪತಿಯ ಮೈಮೇಲೆ ಜಾಗವೇ ಇಲ್ಲದಷ್ಟು ಕೆಂಪು ದಾಸವಾಳ. ಬೇಡ ಬೇಡ ಅಂದುಕೊಂಡೇ ಎಣಿಸಿದೆ. ಹದಿಮೂರು.

ನಾನು ಮುಖ ಆಚೆ ತಿರುಗಿಸಿ ಗೋಡೆ ಅಳೆಯಲು ಟೇಪ್ ತೆಗೆದೆ. "ಕ್ಯಾಮೆರಾ ಯಾವ ಕಡೆ ತಿರುಗಿಸಬೇಕಮ್ಮ?"

ಅಮ್ಮ ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಆಳೆತ್ತರದ ಒಂದು ಕರಿಬೇವಿನ ಗಿಡ. ರಸ್ತೆ ಕಡೆಗೆ ಚಾಚಿದ ಅರ್ಧ ಭಾಗ ಹೆಚ್ಚೂಕಮ್ಮಿ ಬೋಳು.

"ನಾನು ಬೆಳಿಗ್ಗೆ ಪೂಜೆಗೆ ಕೂತಿರ್ತೀನಲ್ಲ, ಆಗ ನೋಡ್ಕೊಂಡು ಬಂದು ಯಾರೋ ಕಿತ್ಕೊಂಡು ಹೋಗ್ತಾರೆ. ಎಂಥಾ ಜನ ಅಂತೀನಿ! ಮುಖ ಸರಿಯಾಗಿ ಕಾಣತ್ತೆ ಅಲ್ವಾ?"

ಮೇಷ್ಟ್ರ ಕಾಂಪೌಂಡಿನ ಒಂದೊಂದು ಗಿಡವೂ ನನಗೆ ಬಾಯಿಪಾಠ. ಅದರಲ್ಲಿ ಕರಿಬೇವು ಇಲ್ಲ.

"ಕಾಣೋದು ಕಾಣತ್ತೆ ಅಮ್ಮ," ಅಂದೆ. "ಜೇಡರ ಬಲೆ ಕಟ್ಟತ್ತೆ. ನೀವು ಮಾತ್ರ ಗುಡಿಸೋಕೆ ಹೋಗ್ಬೇಡಿ."