ಮೂಗಿನ ಸ್ವ್ಯಾಬಿನ ಬಿಲ್ಲು ಯಾರ ಹೆಸರಿಗೆ?

ಆಟಿ ತಿಂಗಳ ಮಳೆಯಲ್ಲಿ ಮಂಗಳೂರು, ಉಡುಪಿಯ ಯಾವ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋದರೂ ಜ್ವರದವರದೇ ಸಾಲು. ಮಲೇರಿಯಾ, ಡೆಂಗಿ, ಇಲಿಜ್ವರ, ಫ್ಲೂ ಎಲ್ಲವೂ ನಮ್ಮ ಕರಾವಳಿಯಲ್ಲಿ ಒಂದೇ ಋತುವಿನಲ್ಲಿ ಹಬ್ಬುವುದರಿಂದ, ಮೊದಲ ದಿನದ ಮೈಕೈ ನೋವು ಮತ್ತು ಚಳಿಯನ್ನು ನೋಡಿ ಇದು ಇಂಥದ್ದೇ ಎಂದು ಹೇಳುವುದು ಅನುಭವಿ ವೈದ್ಯರಿಗೂ ಸುಲಭವಲ್ಲ. ಹೀಗಾಗಿ ರಕ್ತಪರೀಕ್ಷೆಗಳ ಚೀಟಿಯ ಕೊನೆಯಲ್ಲಿ ಈಗೀಗ ಮೂಗಿನ ಸ್ವ್ಯಾಬ್ ತೆಗೆದು ಕಿಟ್‌ನಲ್ಲಿ ನೋಡುವ ಫ್ಲೂ ಕ್ಷಿಪ್ರ ಪರೀಕ್ಷೆಯೂ ಸೇರಿಕೊಳ್ಳುತ್ತಿದೆ. ನಾನು ವೈದ್ಯನಲ್ಲ, ಖಾಸಗಿ ಆಸ್ಪತ್ರೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಆದ್ದರಿಂದ ಈ ಪರೀಕ್ಷೆ ಒಳ್ಳೆಯದೋ ಕೆಟ್ಟದೋ ಎನ್ನುವುದಕ್ಕಿಂತ, ಅದರ ಹಣವನ್ನು ಯಾರು ಕೊಡುತ್ತಾರೆ, ಲಾಭ ಯಾರಿಗೆ ಸಿಗುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಪರೀಕ್ಷೆಯೊಂದಕ್ಕೆ ಬೆಲೆ ಬರುವುದು ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾದಾಗ. ಮಲೇರಿಯಾವನ್ನೇ ನೋಡಿ. ಹಲವು ವರ್ಷ ರಾಜ್ಯದ ಮಲೇರಿಯಾ ಪ್ರಕರಣಗಳ ಬಹುಪಾಲು ವರದಿಯಾಗುತ್ತಿದ್ದುದು ನಮ್ಮ ದಕ್ಷಿಣ ಕನ್ನಡದಿಂದಲೇ. ಇಲ್ಲಿ ರಕ್ತಲೇಪನದಲ್ಲಿ ವೈವಾಕ್ಸ್ ಜಾತಿಯ ಮಲೇರಿಯಾ ಪರೋಪಜೀವಿ ಕಂಡರೆ ಒಂದು ಔಷಧ, ಫಾಲ್ಸಿಪಾರಂ ಜಾತಿಯದು ಕಂಡರೆ ಇನ್ನೊಂದು. ಏನೂ ಕಾಣದಿದ್ದರೆ ವೈದ್ಯರು ಬೇರೆ ಕಾರಣ ಹುಡುಕುತ್ತಾರೆ. ಆ ಪರೀಕ್ಷೆಗೆ ಕೊಟ್ಟ ಪ್ರತಿ ರೂಪಾಯಿಯೂ ಸಾರ್ಥಕ. ಫ್ಲೂ ವಿಷಯ ಹಾಗಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಎಚ್‌1ಎನ್‌1 (ಹಂದಿಜ್ವರ) ಕಾಲದಲ್ಲಿ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಸಾಧಾರಣ ಜ್ವರ, ಕೆಮ್ಮು, ಗಂಟಲುನೋವು ಇರುವ ಎ ವರ್ಗದವರಿಗೆ ಪರೀಕ್ಷೆಯೂ ಬೇಡ, ಫ್ಲೂ ವೈರಸ್ಸಿಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯೂ ಬೇಡ. ಗರ್ಭಿಣಿಯರು, ಪುಟ್ಟ ಮಕ್ಕಳು, ವೃದ್ಧರು, ಮಧುಮೇಹ ಅಥವಾ ಹೃದ್ರೋಗ ಇರುವವರು ಬಿ ವರ್ಗಕ್ಕೆ ಸೇರುತ್ತಾರೆ. ಅವರಿಗೆ ಮಾತ್ರೆ ಕೊಡಬೇಕು, ಆದರೆ ಅದಕ್ಕಾಗಿ ಪರೀಕ್ಷೆಯನ್ನು ಕಾಯಬೇಕಿಲ್ಲ. ಉಸಿರಾಟಕ್ಕೆ ಕಷ್ಟವಾಗಿ ದಾಖಲಾಗಬೇಕಾದ ಸಿ ವರ್ಗಕ್ಕೆ ಮಾತ್ರ ಪರೀಕ್ಷೆಯನ್ನು ಹೇಳಲಾಗಿದೆ. ಅಂದರೆ ಕ್ಯಾಶುವಾಲ್ಟಿಯಿಂದ ಮನೆಗೆ ಮರಳುವ ಬಹುತೇಕ ರೋಗಿಗಳು ಕಿಟ್‌ಗೆ ಹಣ ಕೊಟ್ಟರೂ ಕೊಡದಿದ್ದರೂ ಒಂದೇ ಚೀಟಿ ಹಿಡಿದು ಹೊರಬರುತ್ತಾರೆ.

ಇನ್ನು ಕಿಟ್‌ನ ನಿಖರತೆ. ವೈರಸ್ಸಿನ ಪ್ರೋಟೀನನ್ನು ಹುಡುಕಿ ಹದಿನೈದು ನಿಮಿಷದಲ್ಲಿ ಗೆರೆ ತೋರಿಸುವ ಆಂಟಿಜೆನ್ ಕಿಟ್‌ಗಳು ಫ್ಲೂ ಇರುವವರಲ್ಲಿ ಸರಿಸುಮಾರು 50ರಿಂದ 70 ಶೇಕಡಾ ಜನರನ್ನಷ್ಟೇ ಹಿಡಿಯುತ್ತವೆ ಎಂಬುದು ಹಳೆಯ ವಿಷಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಇವುಗಳ ಮಾನದಂಡವನ್ನು ಬಿಗಿಗೊಳಿಸಿದ್ದೂ ಇದೇ ಕಾರಣಕ್ಕೆ. ಲೆಕ್ಕಕ್ಕೆ ಸುಲಭವಾಗಲೆಂದು 60 ಶೇಕಡಾ ಹಿಡಿಯುವ, ಫ್ಲೂ ಇಲ್ಲದ ನೂರು ಜನರಲ್ಲಿ ಇಬ್ಬರಿಗೆ ಮಾತ್ರ ತಪ್ಪಾಗಿ ಪಾಸಿಟಿವ್ ತೋರಿಸುವ ಕಿಟ್ ಇದೆ ಎಂದಿಟ್ಟುಕೊಳ್ಳೋಣ. ಜುಲೈಯಲ್ಲಿ ಬಂದ ನೂರು ಜ್ವರದವರಲ್ಲಿ 30 ಜನರಿಗೆ ಫ್ಲೂ ಇದ್ದರೆ, 18 ಜನ ಸಿಕ್ಕಿಬೀಳುತ್ತಾರೆ, 12 ಜನ ನೆಗೆಟಿವ್ ವರದಿಯೊಂದಿಗೆ ನಿಶ್ಚಿಂತರಾಗಿ ಅಜ್ಜ ಅಜ್ಜಿ ಇರುವ ಮನೆಗೆ ಹೋಗುತ್ತಾರೆ. ಅದೇ ಕಿಟ್ಟನ್ನು ಫ್ಲೂ ಅಪರೂಪವಾದ ತಿಂಗಳಲ್ಲಿ, ನೂರಕ್ಕೆ ಇಬ್ಬರಿಗೆ ಮಾತ್ರ ರೋಗವಿರುವಾಗ ಬಳಸಿದರೆ, ಬರುವ ಮೂರು ಪಾಸಿಟಿವ್‌ಗಳಲ್ಲಿ ಎರಡು ಸುಳ್ಳಾಗಿರುತ್ತವೆ. ಸೋಂಕು ಜೋರಾಗಿದ್ದಾಗ ನೆಗೆಟಿವನ್ನು ನಂಬುವಂತಿಲ್ಲ, ಇಲ್ಲದಾಗ ಪಾಸಿಟಿವನ್ನು ನಂಬುವಂತಿಲ್ಲ. ಮಾತ್ರೆಯ ಪ್ರಯೋಜನವಾದರೂ ಹೆಚ್ಚಾಗಿ ಸಿಗುವುದು ರೋಗಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ. ನಮ್ಮವರು ಕಷಾಯ, ಪ್ಯಾರಾಸಿಟಮಾಲ್, ಪರಿಚಯದ ಮೆಡಿಕಲ್ ಎಲ್ಲವನ್ನೂ ದಾಟಿ ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿ ಅದರ ನಂತರವೇ.

ಹಾಗಾದರೆ ಪರೀಕ್ಷೆಯೇ ಬೇಡವೇ ಎಂದರೆ, ದಾಖಲಾಗುವವರ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬೇರೆ. ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ, ಪ್ರತಿ ಪರೀಕ್ಷೆಗೂ ಹೊಸ ಕಾರ್ಟ್ರಿಜ್ ಹಾಕುವ ಕ್ಷಿಪ್ರ ಪಿಸಿಆರ್ ಯಂತ್ರಗಳು ಒಂದು ಗಂಟೆಯೊಳಗೆ, ಕೆಲವು ಅರ್ಧ ಗಂಟೆಯೊಳಗೇ, ಆಂಟಿಜೆನ್ ಕಿಟ್‌ಗಿಂತ ಬಹಳ ಹೆಚ್ಚು ನಿಖರವಾದ ಉತ್ತರ ಕೊಡುತ್ತವೆ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಯಂತ್ರವನ್ನು ಆಸ್ಪತ್ರೆಯ ಬಾಗಿಲಲ್ಲೇ ಬಳಸಿದಾಗ ಆಂಟಿಬಯೋಟಿಕ್ ಪಡೆದವರ ಪ್ರಮಾಣ ಕಡಿಮೆಯಾಗಲಿಲ್ಲ, ಆದರೆ ಆಸ್ಪತ್ರೆವಾಸದ ಸರಾಸರಿ 6.8 ದಿನಗಳಿಂದ 5.7 ದಿನಗಳಿಗೆ ಇಳಿಯಿತು. ಲೆಕ್ಕಪತ್ರದವನ ಕಣ್ಣಿಗೆ ಈ ಒಂದು ದಿನವೇ ದೊಡ್ಡದು, ಏಕೆಂದರೆ ಆಗಸ್ಟಿನಲ್ಲಿ ಮಂಚ ಸಿಗದೆ ಕ್ಯಾಶುವಾಲ್ಟಿಯ ಟ್ರಾಲಿಯ ಮೇಲೆಯೇ ರಾತ್ರಿ ಕಳೆಯುವವರು ನಮ್ಮಲ್ಲಿದ್ದಾರೆ. ಫ್ಲೂ ರೋಗಿಯನ್ನು ಡಯಾಲಿಸಿಸ್ ರೋಗಿಯ ಪಕ್ಕದ ಮಂಚಕ್ಕೆ ಕಳುಹಿಸದೆ ಇರುವುದರ ಬೆಲೆಯಂತೂ ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಮಂಚ ಬೇಗ ಖಾಲಿಯಾಗುವ ಲಾಭ ಆಸ್ಪತ್ರೆಗೆ. ಸೋಂಕು ತಗಲದ ಲಾಭ ಪಕ್ಕದ ರೋಗಿಗೆ ಮತ್ತು ನರ್ಸುಗಳಿಗೆ. ಕಾರ್ಟ್ರಿಜ್‌ನ ಪೂರ್ತಿ ಬೆಲೆ ಮಾತ್ರ ಸ್ವ್ಯಾಬ್ ಕೊಟ್ಟವನ ಕಿಸೆಯಿಂದ. ಕೈಗವಸು, ಸೋಂಕುನಿವಾರಕ ದ್ರಾವಣಗಳಂತೆ ಇದೂ ಸೋಂಕು ತಡೆಯುವ ಖರ್ಚು. ದಾಖಲಾಗುವ ಉಸಿರಾಟದ ರೋಗಿಗಳಿಗೆ ಇದನ್ನು ಪ್ರತ್ಯೇಕ ಬಾಬ್ತಾಗಿ ತೋರಿಸದೆ, ಆಸ್ಪತ್ರೆಯೇ ಭರಿಸಿ ಮಂಚದ ದರದಲ್ಲಿ ಎಲ್ಲರ ಮೇಲೂ ಹಂಚಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪ್ಯಾಕೇಜ್ ದರ ನಿಗದಿಪಡಿಸುವಾಗಲೂ ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಮಾಡಿದರೆ, ಬೇಡದವರಿಗೂ ಪರೀಕ್ಷೆ ಬರೆಯುವ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ.

ಆ ಆಸೆ ಹುಟ್ಟುವುದು ವೈದ್ಯರ ದುರಾಸೆಯಿಂದ ಎಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅನೇಕ ಕಡೆ ಕಂಪನಿಯವರು ಯಂತ್ರವನ್ನು ಉಚಿತವಾಗಿ ಇಟ್ಟು ಹೋಗುತ್ತಾರೆ. ಬದಲಿಗೆ ತಿಂಗಳಿಗೆ ಇಂತಿಷ್ಟು ಕಾರ್ಟ್ರಿಜ್ ಕೊಳ್ಳಲೇಬೇಕೆಂಬ ಕರಾರು ಇರುತ್ತದೆ. ಮಳೆಗಾಲ ಮುಗಿದು ಜ್ವರದವರು ಕಡಿಮೆಯಾದ ಮೇಲೂ ಕರಾರು ನಿಲ್ಲುವುದಿಲ್ಲ, ಕಾರ್ಟ್ರಿಜ್‌ಗಳ ಅವಧಿಯೂ ಮುಗಿಯುತ್ತಾ ಬರುತ್ತದೆ. ಆಗ ದಾಸ್ತಾನು ಖಾಲಿ ಮಾಡುವ ಒತ್ತಡ ಸ್ಟೋರ್ಸಿನಿಂದ ಹೊರಟು ಕ್ಯಾಶುವಾಲ್ಟಿಯ ಮೇಜಿನವರೆಗೆ ತಲುಪುವುದನ್ನು ನಾನು ಕಂಡಿದ್ದೇನೆ. ಕೊಳ್ಳುವ ಪ್ರಮಾಣವನ್ನು ಋತುವಿಗೆ ತಕ್ಕಂತೆ ಬದಲಿಸುವ ಕರಾರನ್ನು ಬರೆಸಿಕೊಳ್ಳುವುದು ಆಡಳಿತದವರ ಕೆಲಸ.

ವಿಮೆಯವರೂ ಇದರಲ್ಲಿ ಪಾಲುದಾರರು. ಸಾಮಾನ್ಯ ಪಾಲಿಸಿಗಳಲ್ಲಿ 24 ಗಂಟೆಯ ದಾಖಲಾತಿ ಇಲ್ಲದಿದ್ದರೆ ಪರೀಕ್ಷೆಯ ಹಣ ಮರಳಿ ಸಿಗುವುದಿಲ್ಲವಾದ್ದರಿಂದ, ಮನೆಗೆ ಹೋಗಬಹುದಾದವರೂ “ಒಂದು ದಿನ ಇರ್ತೇವೆ ಡಾಕ್ಟ್ರೇ” ಎನ್ನುತ್ತಾರೆ; ಮಂಚ ಉಳಿಸಬೇಕಾದ ಪರೀಕ್ಷೆಯೇ ಮಂಚ ತುಂಬಿಸುತ್ತದೆ.

ಮನೆಗೆ ಹೋಗುವ ರೋಗಿಯ ವೈದ್ಯರಿಗೆ ನಿಜವಾಗಿ ಬೇಕಿರುವುದು ಈ ವಾರ ಊರಿನಲ್ಲಿ ಯಾವ ವೈರಸ್ ಓಡಾಡುತ್ತಿದೆ ಎಂಬ ಮಾಹಿತಿ. 2018ರಲ್ಲಿ ಕೋಯಿಕ್ಕೋಡಿನ ನಿಪಾವನ್ನು ಗುರುತಿಸಿದ ಪ್ರಯೋಗಾಲಯ ನಮ್ಮ ಮಣಿಪಾಲದ್ದೇ ಆಗಿರುವಾಗ, ಎರಡೂ ಜಿಲ್ಲೆಗಳ ಕೆಲವು ಆಸ್ಪತ್ರೆಗಳಿಂದ ವಾರಕ್ಕೆ ಒಂದಿಷ್ಟು ಸ್ವ್ಯಾಬ್ ಸಂಗ್ರಹಿಸಿ, ಫಲಿತಾಂಶವನ್ನು ಸೋಮವಾರ ಬೆಳಿಗ್ಗೆ ಪ್ರತಿ ಕ್ಲಿನಿಕ್ಕಿನ ವಾಟ್ಸ್ಆ್ಯಪ್‌ಗೆ ತಲುಪಿಸುವುದು ಅಸಾಧ್ಯದ ಮಾತಲ್ಲ. ಅದರ ಖರ್ಚನ್ನು ಜಿಲ್ಲಾಡಳಿತ ಭರಿಸಬೇಕು.