ಮುಖ ನೋಡಿ ಮಣೆ ಹಾಕುವ ಇಂಟರ್‌ವ್ಯೂ

"ಇನ್ನೈದು ವರ್ಷ ಬಿಟ್ಟು ನೀವು ಎಲ್ಲಿರ್ತೀರಿ?" ಎಂದು ಕೇಳಿದರು. "ಗೊತ್ತಿಲ್ಲ ಸರ್" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಎದುರಿಗಿದ್ದ ಮೂವರಲ್ಲಿ ಒಬ್ಬರು ನಕ್ಕರು. ತಮಾಷೆ ಮಾಡಿದೆ ಅಂದುಕೊಂಡರೋ ಏನೋ. ತಲೆಯ ಮೇಲಿನ ಟ್ಯೂಬ್‌ಲೈಟ್ ಜುಂಯ್ ಎನ್ನುತ್ತಿತ್ತು. ಆ ಸದ್ದು ಅವರ್ಯಾರಿಗೂ ಕೇಳಿಸುತ್ತಿರಲಿಲ್ಲ, ನನಗೆ ಅದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಮುಂದಿನ ಪ್ರಶ್ನೆಯನ್ನು ಎರಡು ಸಲ ಕೇಳಬೇಕಾಯಿತು. ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. "ತಿಳಿಸ್ತೀವಿ" ಎಂದರು. ನಾನು ಆ ಮಾತನ್ನೂ ನಂಬಿ ಮೂರು ವಾರ ಕಾದೆ.

ಅದು ಬಿಲ್ಲುಗಳನ್ನು ರಿಜಿಸ್ಟರ್ ಜೊತೆ ತಾಳೆ ನೋಡುವ ಕೆಲಸ. ಅಷ್ಟು ಹೊತ್ತಿನಲ್ಲಿ ಯಾರೂ ನನ್ನ ಮುಂದೆ ಒಂದೇ ಒಂದು ಬಿಲ್ ಇಡಲಿಲ್ಲ.

ನನಗೆ ಆಟಿಸಂ, ಅಂದರೆ ಹುಟ್ಟಿನಿಂದಲೇ ಮಿದುಳು ಸ್ವಲ್ಪ ಬೇರೆ ರೀತಿ ಕೆಲಸ ಮಾಡುವ ಸ್ಥಿತಿ, ಇದೆ ಎಂದು ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಅದಕ್ಕೆ ಮೊದಲು ಇಂಥ ಹನ್ನೊಂದು ಇಂಟರ್‌ವ್ಯೂ ಕೊಟ್ಟಿದ್ದೆ. ಪ್ರತಿ ಸಲವೂ ತಪ್ಪು ನನ್ನದೇ ಅಂದುಕೊಂಡು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ಕಣ್ಣು ನೋಡಿ ಮಾತಾಡು, ಮೂರು ಸೆಕೆಂಡ್ ಆದ ಮೇಲೆ ನೋಟ ತೆಗಿ, ತಲೆ ಆಡಿಸು, ನಗು. ಇಷ್ಟನ್ನೆಲ್ಲ ಲೆಕ್ಕ ಹಾಕುತ್ತಾ ಕೂತರೆ ಪ್ರಶ್ನೆ ಎಲ್ಲಿ ತಲೆಗೆ ಹೋಗುತ್ತದೆ, ನೀವೇ ಹೇಳಿ.

ಆಮೇಲೆ 2017ರಲ್ಲಿ ಬಂದ ಒಂದು ಸಂಶೋಧನೆಯ ಬಗ್ಗೆ ಓದಿದೆ. ಆಟಿಸಂ ಇರುವವರ ಹತ್ತು ಸೆಕೆಂಡಿನ ವಿಡಿಯೋ ತುಣುಕುಗಳನ್ನು ಜನರಿಗೆ ತೋರಿಸಿದ್ದರು. ಅವರಿಗೆ ಆಟಿಸಂ ಇದೆ ಎಂದು ಹೇಳಿರಲಿಲ್ಲ. ಆದರೂ ನೋಡಿದವರು ಅಷ್ಟರಲ್ಲೇ "ಇವರ ಜೊತೆ ಬೆರೆಯೋದು ಕಷ್ಟ" ಎನ್ನುವ ತೀರ್ಮಾನಕ್ಕೆ ಬಂದಿದ್ದರು. ಅದೇ ಮಾತುಗಳನ್ನು ಬರಹದಲ್ಲಿ ಮಾತ್ರ ಕೊಟ್ಟಾಗ ಆ ತಾತ್ಸಾರ ಕಾಣಲಿಲ್ಲ. ಅಂದರೆ ಆಡಿದ ಮಾತಿನಲ್ಲಿ ಕೊರತೆ ಇರಲಿಲ್ಲ. ದನಿ, ಮುಖ, ಕೂರುವ ರೀತಿ ಸರಿಬರಲಿಲ್ಲ, ಅಷ್ಟೇ. ಮುಖ ನೋಡಿ ಮಣೆ ಹಾಕೋದು ಅಂತಾರಲ್ಲ, ಇಂಟರ್‌ವ್ಯೂ ಎನ್ನುವುದು ಹೆಚ್ಚುಕಡಿಮೆ ಅದೇ. ಓದಿದ ದಿನ ಸಮಾಧಾನ ಆಯಿತು, ಸಿಟ್ಟೂ ಬಂತು. ಸಿಟ್ಟೇ ಜಾಸ್ತಿ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಡೆನ್ಮಾರ್ಕಿನ ಥಾರ್ಕಿಲ್ ಸೊನ್ನೆ ಎನ್ನುವವರು ತಮ್ಮ ಮಗನಿಗೆ ಆಟಿಸಂ ಇದೆ ಎಂದು ತಿಳಿದ ಮೇಲೆ 2004ರಲ್ಲಿ ಅಂಥವರಿಗೆ ಕೆಲಸ ಕೊಡುವ ಸ್ಪೆಷಲಿಸ್ಟರ್ನ ಎಂಬ ಕಂಪನಿ ಶುರುಮಾಡಿದರು. ಅಲ್ಲಿ ಕೆಲಸ ಕೇಳಿ ಬಂದವರ ಕೈಗೆ ಆಟಿಕೆಯ ತುಂಡುಗಳನ್ನು ಜೋಡಿಸಿ ಮಾಡುವ ಲೆಗೋ ರೋಬೋಟ್ ಕೊಟ್ಟು, ಅವರು ಹೇಗೆ ಯೋಚಿಸುತ್ತಾರೆ ಎಂದು ಗಮನಿಸುತ್ತಿದ್ದರು. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಸ್ಯಾಪ್ 2013ರಲ್ಲಿ ಆಟಿಸಂ ಇರುವವರಿಗೇ ಅಂತ ನೇಮಕಾತಿ ಶುರುಮಾಡಿತು. ಒಳ್ಳೆಯದೇ. ಆದರೆ ಇದರ ಜೊತೆಗೇ ಇನ್ನೊಂದು ತಲೆನೋವು ಬಂತು. ಆಟಿಸಂ ಅಂದರೆ ಕಂಪ್ಯೂಟರ್ ಪಂಡಿತರು ಎಂದು ಎಲ್ಲರೂ ನಂಬಿಬಿಟ್ಟರು. "ನೀವು ಕೋಡಿಂಗ್ ಕಲೀಬಹುದಲ್ವಾ?" ಎಂದು ಎಷ್ಟು ಜನ ಕೇಳಿದ್ದಾರೋ. ಕಲಿಯೋಕೆ ಹೋಗಿದ್ದೆ. ಎರಡು ತಿಂಗಳಲ್ಲಿ ತಲೆ ಚಿಟ್ಟು ಹಿಡಿಯಿತು. ನಮ್ಮಲ್ಲಿ ಗಿಡ ನೋಡಿಕೊಳ್ಳುವವರಿದ್ದಾರೆ, ಪಾಠ ಹೇಳುವವರಿದ್ದಾರೆ, ಮಾತೇ ಆಡದೆ ಟೈಪ್ ಮಾಡಿ ಮಾತಾಡುವವರಿದ್ದಾರೆ. ಆಟಿಸಂ ಇರುವ ಅಮೆರಿಕದ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಹೆಸರು ಮಾಡಿದ್ದು ದನಗಳು ಗಾಬರಿಯಾಗದೆ ನಡೆದುಹೋಗುವಂಥ ದಾರಿಗಳನ್ನು ರೂಪಿಸಿ. ಆಕೆ ಕೆಲಸ ಗಿಟ್ಟಿಸಿದ್ದು ಮಾತಿನಿಂದಲ್ಲ, ತಾನು ಬರೆದ ನಕ್ಷೆಗಳನ್ನು ತೋರಿಸಿ.

ನನಗೆ ಈಗಿನ ಕೆಲಸ ಸಿಕ್ಕಿದ್ದೂ ಸುಮಾರು ಹಾಗೇ. ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುವ ಚಿಕ್ಕ ಸಂಸ್ಥೆ ಅದು. "ಇಂಟರ್‌ವ್ಯೂ ಬೇಡ, ಅರ್ಧ ದಿನ ಕೆಲಸ ಮಾಡಿ ತೋರಿಸ್ತೀನಿ" ಎಂದು ಮೇಲ್ ಬರೆದಿದ್ದೆ. ಒಪ್ಪಿದರು. ಟೈಪ್ ಆಗಿ ಬಂದ ನಲವತ್ತು ಪುಟ ಕೊಟ್ಟು, ಮೂಲದ ಜೊತೆ ಹೋಲಿಸಿ ನೋಡಿ ಎಂದರು. ಹದಿನೇಳನೇ ಪುಟದಲ್ಲಿ ಜೂನ್ 31 ಎಂದಿತ್ತು. ಟೈಪ್ ಮಾಡಿದವರ ತಪ್ಪಲ್ಲ, ಮೂಲದಲ್ಲೇ ಯಾರೋ ಹಾಗೆ ಬರೆದಿದ್ದರು. ಅದನ್ನು ಗುರುತು ಹಾಕಿಟ್ಟೆ. ಸಂಜೆ ಮೇಡಂ ಆ ಪುಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇದು ನಾಲ್ಕು ಜನರ ಕೈ ದಾಟಿ ಬಂದಿದೆ" ಎಂದರು. ಸೋಮವಾರದಿಂದ ಬರೋಕೆ ಹೇಳಿದರು.

ಅಲ್ಲಿ ನನಗೆ ಸಿಕ್ಕಿದ್ದು ದೊಡ್ಡ ಸವಲತ್ತೇನೂ ಅಲ್ಲ. ಗೋಡೆ ಪಕ್ಕದ ಜಾಗ, ಹೆಡ್‌ಫೋನ್, ಕೆಲಸವನ್ನು ಬರೆದು ಹೇಳುವ ಮೇಡಂ. ಈ ಮೂರನೆಯದು ಎಷ್ಟು ದೊಡ್ಡದು ಎಂದು ಮೊದಲಿನ ಕೆಲಸ ಮಾಡಿದ್ದಕ್ಕೇ ನನಗೆ ಗೊತ್ತು. ಅಲ್ಲಿ ಮ್ಯಾನೇಜರ್ ಹೋಗ್ತಾ ಬರ್ತಾ "ಸ್ವಲ್ಪ ಬೇಗ ನೋಡಿಬಿಡಿ" ಅನ್ನುತ್ತಿದ್ದರು. ಸ್ವಲ್ಪ ಅಂದರೆ ಎಷ್ಟು? ಬೇಗ ಅಂದರೆ ಇವತ್ತಾ, ಶುಕ್ರವಾರವಾ? ಕೇಳಿದರೆ ಎದುರುತ್ತರ ಕೊಡ್ತಾನೆ ಅನ್ನೋರು. ಕೇಳದಿದ್ದರೆ ತಡ ಮಾಡಿದ ಅನ್ನೋರು. ದಿನವಿಡೀ ಎಲ್ಲರ ಹಾಗೆ ಇರುವ ನಾಟಕ ಬೇರೆ. ಮನೆಗೆ ಬಂದು ದೀಪ ಹಾಕದೆ ನೆಲದ ಮೇಲೆ ಮಲಗಿಬಿಡುತ್ತಿದ್ದೆ. ಎಂಟು ತಿಂಗಳಿಗೆ ಬಿಟ್ಟೆ. ಬಿಟ್ಟ ಮೇಲೆ ಆರು ತಿಂಗಳು ಫೋನ್ ಎತ್ತೋಕೂ ಆಗಲಿಲ್ಲ.

ಆಟಿಸಂ ಇದೆ ಎಂದು ಮೊದಲೇ ಹೇಳಬೇಕಾ ಎಂದು ಬಹಳ ಜನ ಇನ್‌ಬಾಕ್ಸ್‌ನಲ್ಲಿ ಕೇಳ್ತಾರೆ. ಹೇಳಿದ ಎರಡು ಕಡೆ ಆಮೇಲೆ ಕರೆಯೇ ಬರಲಿಲ್ಲ. ಹೇಳದೆ ಸೇರಿದ ಕಡೆ ಏನಾಯಿತು ಎಂದು ಈಗ ತಾನೆ ಬರೆದೆ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದಲ್ಲಿ ಕೆಲಸದ ಹಕ್ಕಿಗೇ ಒಂದು ವಿಧಿ ಇದೆ, 27ನೆಯದು. ಕೆಲಸದ ಜಾಗದಲ್ಲಿ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಎಂದೂ ಅದರಲ್ಲಿದೆ. ಕಾಗದದಲ್ಲಿ ಚೆನ್ನಾಗಿದೆ. ನಾನಂತೂ ಈಗ ಆಟಿಸಂ ಎನ್ನುವ ಹೆಸರು ಆಮೇಲೆ, ನನಗೆ ಬೇಕಾದ್ದು ಮೊದಲು ಹೇಳುತ್ತೇನೆ. "ಕೆಲಸ ಬರೆದು ಕೊಟ್ಟರೆ ತಪ್ಪಿಲ್ಲದೆ ಮುಗಿಸುತ್ತೇನೆ" ಎಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ಇದೇ ಸರಿ ಎಂದು ಹೇಳುತ್ತಿಲ್ಲ. ನನಗೆ ನಡೆಯಿತು, ಅಷ್ಟೇ.

ಮುಂದಿನ ತಿಂಗಳು ನಮ್ಮ ಆಫೀಸು ಬೇರೆ ಕಟ್ಟಡಕ್ಕೆ ಹೋಗುತ್ತಿದೆ. ದೊಡ್ಡ ಹಾಲ್, ನಡುವೆ ಗೋಡೆಯೇ ಇಲ್ಲವಂತೆ. ಮೊನ್ನೆ ಮೇಡಂಗೆ ನಾಲ್ಕು ಸಾಲಿನ ಮೇಲ್ ಬರೆದೆ: ಮೂಲೆಯ ಜಾಗ ಬೇಕು, ಮುಂಚೆ ಒಂದು ಸಲ ಹೋಗಿ ನೋಡಿ ಬರಬೇಕು. "ಗುರುವಾರ ಮೂರು ಗಂಟೆಗೆ ಹೋಗೋಣ, ಟ್ಯೂಬ್‌ಲೈಟ್ ಎಲ್ಲೆಲ್ಲಿದೆ ನೋಡ್ಕೊಳ್ಳಿ" ಎಂದು ಉತ್ತರ ಬಂದಿದೆ.