ಅಮ್ಮನ ಕೈಯ ಬಳೆ, ಕಸ್ಟಮ್ಸ್‌ನವರ ಫಾರಂ

ನೋಟಿಸ್ ಕೊಡದೆ ಯಾರ ಸಾಮಾನನ್ನೂ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 124ನೇ ಸೆಕ್ಷನ್ ಹಾಗೆ ಹೇಳುತ್ತದೆ. ಕಾರಣ ತಿಳಿಸಬೇಕು, ಉತ್ತರ ಕೊಡಲು ಸಮಯ ಕೊಡಬೇಕು, ಬಂದು ಮಾತಾಡಲು ಅವಕಾಶ ಕೊಡಬೇಕು. ಹಾಗಾದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ನಮ್ಮಮ್ಮನ ಬಳೆ ಹೇಗೆ ಹೋಯಿತು? ಬಹಳ ಸುಲಭವಾಗಿ. ‘ನನಗೆ ನೋಟಿಸ್ ಬೇಡ, ವಿಚಾರಣೆಯೂ ಬೇಡ’ ಎಂದು ಮೊದಲೇ ಅಚ್ಚು ಹಾಕಿಸಿಟ್ಟ ಫಾರಂಗೆ ಅವಳ ಕೈಯಿಂದಲೇ ಸಹಿ ಹಾಕಿಸಿಕೊಂಡರು. ಫಾರಂ ಇಂಗ್ಲಿಷಿನಲ್ಲಿತ್ತು. ಅಮ್ಮ ಓದುವುದು ಕನ್ನಡ ಮಾತ್ರ. ಅಧಿಕಾರಿ ಮಾತಾಡಿದ್ದು ಹಿಂದಿಯಲ್ಲಿ. ಸಹಿ ಹಾಕಿದರೆ ಹೊರಗೆ ಬಿಡುತ್ತಾರೆ ಎಂದಷ್ಟೇ ಅವಳಿಗೆ ಅರ್ಥವಾಗಿತ್ತು.

ಅಮ್ಮ ನನ್ನ ತಂಗಿಯ ಬಾಣಂತನಕ್ಕೆಂದು ದೋಹಾಕ್ಕೆ ಹೋಗಿದ್ದಳು. 2025ರ ಮಾತು. ಕೈಯಲ್ಲಿ ನಾಲ್ಕು ಬಳೆ, ಕೊರಳಲ್ಲಿ ಕರಿಮಣಿ. ಬಳೆ ನಮ್ಮಜ್ಜಿಯ ಸರ ಕರಗಿಸಿ ಮಾಡಿಸಿದ್ದು. ನನ್ನ ಮದುವೆಯ ಫೋಟೋದಲ್ಲೂ ಇದೆ. ವಾಪಸ್ ಬಂದಾಗ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ, ‘ಬಿಲ್ ಎಲ್ಲಿ?’ ಸ್ವಾಮಿ, ಅಜ್ಜಿಯ ಸರಕ್ಕೆ ಯಾರ ಮನೆಯಲ್ಲಿ ಬಿಲ್ ಇರುತ್ತದೆ? ಬಳೆ ಕೈಯಿಂದ ಬರಲಿಲ್ಲ. ಸೋಪು ಹಚ್ಚಿ ತೆಗೆಸಿದರು. ವಿದೇಶದಲ್ಲಿ ಹೊಸದಾಗಿ ಕೊಂಡು ಕಳ್ಳತನದಿಂದ ತಂದ ಬಳೆ ಹಾಗೆ ಕೈಗೆ ಕಚ್ಚಿಕೊಂಡಿರುತ್ತದಾ? ಸೋಪು ತಂದುಕೊಟ್ಟವರಿಗಾದರೂ ಇದು ಹೊಳೆಯಬೇಕಿತ್ತು. ಕರಿಮಣಿ ಬಿಟ್ಟರು. ಅದನ್ನೂ ದೊಡ್ಡ ಉಪಕಾರ ಮಾಡಿದ ಹಾಗೆ ಹೇಳಿದರಂತೆ.

ಅವರು ಮುಂದೆ ಹಿಡಿದದ್ದು 2016ರ ಬ್ಯಾಗೇಜ್ ನಿಯಮ, ಅಂದರೆ ವಿದೇಶದಿಂದ ಬರುವವರ ಸಾಮಾನಿಗೆ 2026ರ ಫೆಬ್ರವರಿವರೆಗೆ ಇದ್ದ ನಿಯಮ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬಂದ ಹೆಂಗಸಿಗೆ 40 ಗ್ರಾಂ, ಗಂಡಸಿಗೆ 20 ಗ್ರಾಂ ಆಭರಣ ಸುಂಕವಿಲ್ಲದೆ ತರಬಹುದಿತ್ತು. ಆದರೆ ಬೆಲೆ ಹೆಂಗಸಿಗೆ 1 ಲಕ್ಷ, ಗಂಡಸಿಗೆ 50 ಸಾವಿರ ದಾಟಬಾರದಿತ್ತು. ಲೆಕ್ಕ ಹಾಕಿ ನೋಡಿ. ಗ್ರಾಂಗೆ ಎರಡೂವರೆ ಸಾವಿರ ರೂಪಾಯಿ ಆಯಿತು. 2025ರಲ್ಲಿ ಚಿನ್ನ ಗ್ರಾಂಗೆ ಹತ್ತು ಸಾವಿರ ದಾಟಿತ್ತು. ಅಂದರೆ ಕಾಗದದ ಮೇಲೆ 40 ಗ್ರಾಂ, ಕೈಗೆ ಹತ್ತು ಗ್ರಾಮೂ ಇಲ್ಲ. ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದು ಬರುವ ನಮ್ಮ ಕಡೆಯ ಹುಡುಗರಿಗೆ ಇದೇ ಗತಿಯಾಗಿತ್ತು.

ಅಮ್ಮನಿಗೆ ಅದೂ ಇಲ್ಲ. ಅವಳು ವರ್ಷ ಇರಲಿಲ್ಲವಲ್ಲ! ‘ವೈಯಕ್ತಿಕ ವಸ್ತು’ ಎಂಬುದರಲ್ಲಿ ಆಭರಣ ಸೇರುವುದಿಲ್ಲ ಎಂದು ಆ ನಿಯಮದಲ್ಲೇ ಬರೆದಿತ್ತು. ಅದನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ, ಮಗಳ ಬಾಣಂತನಕ್ಕೆ ಹೋಗುವ ತಾಯಿ ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರಬೇಕಿತ್ತು. ಇಲ್ಲಾಂದ್ರೆ ಹೋಗುವಾಗಲೇ ಕಸ್ಟಮ್ಸ್ ಕೌಂಟರ್ ಹುಡುಕಿ, ‘ಇದು ಇಲ್ಲಿಂದಲೇ ಒಯ್ಯುತ್ತಿರುವುದು’ ಎಂದು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕಿತ್ತು. ಬಿಡಲು ಹೋದಾಗ ನಾವು ಇದರ ಬಗ್ಗೆ ಒಂದು ಬೋರ್ಡನ್ನೂ ಕಾಣಲಿಲ್ಲ. ಟಿಕೆಟ್ ಕೊಟ್ಟವರು ಹೇಳಲಿಲ್ಲ, ಚೆಕ್-ಇನ್‌ನಲ್ಲೂ ಹೇಳಲಿಲ್ಲ. ವಾಪಸ್ ಬಂದಾಗ ಮಾತ್ರ, ‘ಯಾಕಮ್ಮಾ ಮಾಡಿಸಲಿಲ್ಲ?’

ಕಳ್ಳಸಾಗಣೆ ಇಲ್ಲವೇ ಎಂದು ಕೇಳುತ್ತೀರಿ. ಇದೆ. 2025ರ ಮಾರ್ಚ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕಳ್ಳಸಾಗಣೆ ಹಿಡಿಯುವ ಕೇಂದ್ರ ಸಂಸ್ಥೆ ಡಿಆರ್‌ಐನವರು ಒಬ್ಬರ ಹತ್ತಿರವೇ 14 ಕಿಲೋಗೂ ಜಾಸ್ತಿ ಚಿನ್ನ ಹಿಡಿದರು. ಆ ಕೇಸಿನಲ್ಲಿ ಗಣ್ಯರಿಗೆ ಕೊಡುವ ಪೊಲೀಸ್ ಪ್ರೋಟೋಕಾಲ್ ಸೌಲಭ್ಯ ದುರುಪಯೋಗವಾಯಿತು ಎಂಬ ಆರೋಪವೂ ಬಂತು. ಅಂಥವರನ್ನು ಹಿಡಿಯಲಿ, ಯಾರು ಬೇಡ ಅಂದರು? ಪ್ರೋಟೋಕಾಲ್ ಇಲ್ಲದ ಮುದುಕಿಯ ಕೈಯಲ್ಲಿ ಸವೆದ ಬಳೆಯನ್ನೂ ಅದೇ ಕಣ್ಣಿನಿಂದ ನೋಡುತ್ತಾರಲ್ಲ, ಅದಕ್ಕೆ ಮೈ ಉರಿಯುತ್ತದೆ.

ಇನ್ನೂ ಉರಿಯುವುದು ಆ ಫಾರಂ ನೆನೆದಾಗ. ಇಂಥ ಅಚ್ಚಾದ ಫಾರಂಗೆ ಸಹಿ ಹಾಕಿಸಿಕೊಂಡು ನೋಟಿಸ್ ತಪ್ಪಿಸುವುದು ಕಾನೂನಲ್ಲ ಎಂದು ದೆಹಲಿ ಹೈಕೋರ್ಟ್ 2025ರಲ್ಲಿ ಒಂದಲ್ಲ, ಹಲವು ಕೇಸುಗಳಲ್ಲಿ ಹೇಳಿದೆ. ಧರಿಸಿ ಬಳಸಿದ ಸ್ವಂತ ಆಭರಣವನ್ನು ನಿಯಮದ ‘ಆಭರಣ’ಕ್ಕೆ ಸೇರಿಸಬಾರದು ಎಂದೂ ಹೇಳಿದೆ. ಕಸ್ಟಮ್ಸ್ ಕಾಯ್ದೆಯ 110ನೇ ಸೆಕ್ಷನ್ ಪ್ರಕಾರ ವಸ್ತು ವಶಕ್ಕೆ ಪಡೆದ ಆರು ತಿಂಗಳೊಳಗೆ ನೋಟಿಸ್ ಬರಬೇಕು. ಕಾರಣ ಬರೆದು ಇನ್ನೊಂದು ಆರು ತಿಂಗಳು ಎಳೆಯಬಹುದು, ಅಷ್ಟೇ. ಆಮೇಲೂ ನೋಟಿಸ್ ಇಲ್ಲದಿದ್ದರೆ ವಸ್ತು ವಾಪಸ್ ಕೊಡಬೇಕು. ಇದನ್ನು ಕಚೇರಿಯಲ್ಲಿ ಹೇಳಿದೆ. ‘ನಿಮ್ಮ ತಾಯಿಯೇ ಬೇಡ ಎಂದು ಬರೆದುಕೊಟ್ಟಿದ್ದಾರಲ್ಲ’ ಎಂದು ನಗುತ್ತಾ ಅದೇ ಕಾಗದ ತೋರಿಸಿದರು. ಇಂಗ್ಲಿಷ್ ಸಾಲಿನ ಕೆಳಗೆ ಅಮ್ಮನ ಕನ್ನಡ ಸಹಿ. ಓದದೆ ಹಾಕಿದ್ದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕಿತ್ತೋ!

ಮುಟ್ಟುಗೋಲು ಆದೇಶದ ವಿರುದ್ಧ ಅಪೀಲಿಗೆ 60 ದಿನ ಇರುತ್ತದೆ. ಹಾಕಿದ್ದೇವೆ. ವಕೀಲರು, ಓಡಾಟ, ಪ್ರತಿ ಸಲ ಒಂದು ದಿನದ ಕೆಲಸ ಬಿಡುವುದು, ಎಲ್ಲ ಸೇರಿದರೆ ಒಂದು ಬಳೆ ಆಗಲೇ ಕರಗಿದೆ. ಜನ ಈ ಲೆಕ್ಕ ಹಾಕಿ ಸುಮ್ನೆ ಬಿಟ್ಟುಬಿಡುತ್ತಾರೆ ಎಂದು ಕೌಂಟರಿನ ಆಚೆ ಕೂತವರಿಗೂ ಚೆನ್ನಾಗಿ ಗೊತ್ತು. ನಿಮ್ಮ ಮನೆಯಿಂದ ಯಾರಾದರೂ ಹೊರಡುವವರಿದ್ದರೆ ಹೋಗುವಾಗಲೇ ಸರ್ಟಿಫಿಕೇಟ್ ಮಾಡಿಸಿ, ಆಭರಣ ಹಾಕಿಕೊಂಡ ಹಳೆಯ ಫೋಟೋ ಫೋನಿನಲ್ಲಿಟ್ಟು ಕಳಿಸಿ. ನಿಲ್ಲಿಸಿದರೆ ತೂಕ ಬರೆದ ರಸೀದಿ ಕೇಳಲಿ. ಓದಲು ಬಾರದ ಕಾಗದಕ್ಕೆ ಮಾತ್ರ, ಎಷ್ಟು ಹೊತ್ತು ಕೂರಿಸಿದರೂ, ಸಹಿ ಹಾಕುವುದು ಬೇಡ.